ಏನೂ ಆಗಲಿಲ್ಲವಲ್ಲ!

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎರಡು ಬಸ್ಸುಗಳು ಕೂದಲೆಳೆಯಲ್ಲಿ ಪಾರಾದರೆ ಒಳಗಿದ್ದವರಿಗೆಲ್ಲ ಗೊತ್ತಾಗುತ್ತದೆ. ಬ್ರೇಕಿನ ಸದ್ದಿಗೆ ಎದೆ ಧಸಕ್ಕೆನ್ನುತ್ತದೆ. ಕೊಟ್ಟಿಗೆಹಾರ ತಲುಪಿ ಚಹಾ ಕುಡಿಯುವಾಗ ಅದೇ ಮಾತು. ಆಕಾಶದಲ್ಲಿ ಹಾಗಲ್ಲ. ಅಲ್ಲಿ ಸಾವು ಪಕ್ಕದಲ್ಲೇ ಹಾದುಹೋದರೂ ಪ್ರಯಾಣಿಕರಿಗೆ ಸುಳಿವೇ ಸಿಗದಿರಬಹುದು.

2022ರ ಜನವರಿ 7ರಂದು ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಂಡಿಗೋ ಸಂಸ್ಥೆಯ ಎರಡು ವಿಮಾನಗಳು ಅಕ್ಕಪಕ್ಕದ ಎರಡು ರನ್‌ವೇಗಳಿಂದ ಬಹುತೇಕ ಒಂದೇ ಹೊತ್ತಿಗೆ ಮೇಲೇರಿದವು. ಒಂದು ಕೋಲ್ಕತ್ತಾಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಮೇಲೇರುತ್ತಲೇ ಅವು ಒಂದಕ್ಕೊಂದು ಹತ್ತಿರವಾಗತೊಡಗಿದವು. ರಾಡಾರ್ ಮುಂದೆ ಕುಳಿತಿದ್ದ ನಿಯಂತ್ರಕರೊಬ್ಬರು ಅದನ್ನು ಕಂಡು, ತಕ್ಷಣ ಎರಡೂ ವಿಮಾನಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಪ್ರಯಾಣಿಕರು, ಸಿಬ್ಬಂದಿ ಸೇರಿ 426 ಮಂದಿಯ ಜೀವ ಉಳಿಯಿತು.

ಇದು ಆದದ್ದು ಹೇಗೆ? ಆ ಬೆಳಿಗ್ಗೆ ಉತ್ತರದ ರನ್‌ವೇ ಏರುವ ವಿಮಾನಗಳಿಗೆ, ದಕ್ಷಿಣದ್ದು ಇಳಿಯುವ ವಿಮಾನಗಳಿಗೆ ಎಂದು ಬಳಕೆಯಲ್ಲಿತ್ತು. ಆಮೇಲೆ ಪಾಳಿಯ ಮುಖ್ಯಸ್ಥರು ದಕ್ಷಿಣದ್ದನ್ನು ಮುಚ್ಚಿ ಎಲ್ಲವನ್ನೂ ಉತ್ತರದಿಂದಲೇ ನಡೆಸಲು ತೀರ್ಮಾನಿಸಿದರು. ಆದರೆ ಆ ತೀರ್ಮಾನ ದಕ್ಷಿಣದ ನಿಯಂತ್ರಕರಿಗೆ ತಲುಪಲೇ ಇಲ್ಲ. ಇಬ್ಬರು ನಿಯಂತ್ರಕರೂ ಪರಸ್ಪರ ಕೇಳದೆ ಒಂದೊಂದು ವಿಮಾನಕ್ಕೆ ಅನುಮತಿ ಕೊಟ್ಟರು. ಯಂತ್ರ ಕೆಟ್ಟಿರಲಿಲ್ಲ, ಮೋಡ ಮುಸುಕಿದ್ದೂ ಕಾರಣವಲ್ಲ. ಹೇಳಬೇಕಾದ ಒಂದು ಮಾತನ್ನು ಹೇಳಿರಲಿಲ್ಲ, ಅಷ್ಟೆ.

ಇನ್ನೂ ಗಾಬರಿಯ ವಿಷಯವಿದೆ. ಈ ಘಟನೆಯನ್ನು ಅಂದು ಯಾವ ದಾಖಲೆ ಪುಸ್ತಕದಲ್ಲೂ ಬರೆಯಲಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರಕ್ಕೂ ವರದಿ ಹೋಗಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪತ್ತೆಹಚ್ಚಿದ ಮೇಲೆ, ಹತ್ತು ದಿನಗಳಿಗೂ ಹೆಚ್ಚು ಕಳೆದು ಸುದ್ದಿ ಹೊರಬಂತು.

ಕೂದಲೆಳೆ ತಪ್ಪಿದರೆ ಏನಾಗುತ್ತದೆಂದು ನಮ್ಮ ದೇಶ ಕಂಡಿದೆ. 1996ರ ನವೆಂಬರ್ 12ರಂದು ದೆಹಲಿಯ ಹತ್ತಿರ ಚರ್ಖಿ ದಾದ್ರಿಯ ಮೇಲೆ, ಆಗಷ್ಟೇ ದೆಹಲಿಯಿಂದ ಏರಿದ್ದ ಸೌದಿ ವಿಮಾನವೂ ಇಳಿಯಲು ಬರುತ್ತಿದ್ದ ಕಝಾಕಿಸ್ತಾನದ ವಿಮಾನವೂ ಢಿಕ್ಕಿ ಹೊಡೆದು 349 ಮಂದಿ ಸತ್ತರು. ದುಡಿಮೆಗಾಗಿ ಸೌದಿಗೆ ಹೊರಟಿದ್ದ ಎಷ್ಟೋ ಮಂದಿ ಅದರಲ್ಲಿದ್ದರು. ಗಲ್ಫಿನಿಂದ ಬರುವ ಪತಿಗಾಗಿ, ಮಗನಿಗಾಗಿ ಕಾಯುವ ಮೂಡಿಗೆರೆ, ಕಳಸದ ಮನೆಗಳಿಗೆ ಆ ನೋವು ಏನೆಂದು ವಿವರಿಸಬೇಕಿಲ್ಲ. 15,000 ಅಡಿಯಲ್ಲಿ ನಿಲ್ಲಬೇಕಾಗಿದ್ದ ಕಝಾಕ್ ವಿಮಾನ ಕೆಳಗಿಳಿದು, 14,000 ಅಡಿಯಲ್ಲಿದ್ದ ವಿಮಾನಕ್ಕೆ ಬಡಿದಿತ್ತು. ಆ ಬಳಿಕ ಭಾರತದಲ್ಲಿ ವಿಮಾನಗಳಿಗೆ ಟಿಸಿಎಎಸ್ ಎಂಬ ಎಚ್ಚರಿಕೆ ಯಂತ್ರ ಕಡ್ಡಾಯವಾಯಿತು. ಎರಡು ವಿಮಾನಗಳು ಅಪಾಯಕರವಾಗಿ ಹತ್ತಿರವಾದಾಗ ಅದು ಒಬ್ಬ ಪೈಲಟ್‌ಗೆ ಏರು, ಇನ್ನೊಬ್ಬನಿಗೆ ಇಳಿ ಎನ್ನುತ್ತದೆ. 2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಎರಡು ವಿಮಾನಗಳ ನಡುವೆ ಮೇಲೆ-ಕೆಳಗಿನ ಅಂತರ ಕೇವಲ 200 ಅಡಿ ಉಳಿದಿದ್ದಾಗ ಎಚ್ಚರಿಸಿದ್ದು ಇದೇ ಯಂತ್ರ. ಆದರೆ ನೆಲಕ್ಕೆ ತೀರಾ ಸಮೀಪದಲ್ಲಿ ಅದು ಇಂಥ ಆದೇಶ ಕೊಡುವುದಿಲ್ಲ. ರನ್‌ವೇ ಬಿಟ್ಟೇಳುವ ಆ ಕ್ಷಣಗಳಲ್ಲಿ ಮನುಷ್ಯನ ಕಣ್ಣು, ಮನುಷ್ಯನ ಮಾತೇ ಆಧಾರ.

ಮುಚ್ಚಿಟ್ಟರೆ ನಷ್ಟವೇನು ಎನ್ನುವಿರಾ? 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಸಮೀಪ ಟಿಡಬ್ಲ್ಯುಎ ವಿಮಾನವೊಂದು ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಆರು ವಾರಗಳ ಹಿಂದೆ ಬೇರೊಂದು ಸಂಸ್ಥೆಯ ಪೈಲಟ್‌ಗಳು ಅದೇ ಸೂಚನೆಯನ್ನು ಹಾಗೆಯೇ ತಪ್ಪಾಗಿ ತಿಳಿದು, ಅದೇ ಬೆಟ್ಟದಿಂದ ಅಲ್ಪದರಲ್ಲಿ ಪಾರಾಗಿದ್ದರು. ಆ ಸಂಸ್ಥೆ ತನ್ನ ಪೈಲಟ್‌ಗಳಿಗೆ ಮಾತ್ರ ತಿಳಿಸಿತ್ತು. ಉಳಿದವರಿಗೆ ತಿಳಿಸುವ ದಾರಿಯೇ ಇರಲಿಲ್ಲ. ಹೆಸರು ಗುಟ್ಟಾಗಿಟ್ಟು ಇಂಥ ವರದಿಗಳನ್ನು ಪಡೆಯುವ ವ್ಯವಸ್ಥೆ ಅಲ್ಲಿ 1976ರಲ್ಲಿ ಆರಂಭವಾಯಿತು. ಹೇಳಿದವನಿಗೆ ಶಿಕ್ಷೆ ಖಚಿತವಾದರೆ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು.

ಸಹೋದರಿಯರೇ, ನಮ್ಮ ಮನೆಗಳಲ್ಲಿ ಹೇಗಿದೆ? ಜ್ವರ ಬಂದ ಮಗುವಿಗೆ ಅಜ್ಜಿ ಔಷಧಿ ಕುಡಿಸಿರುತ್ತಾರೆ. ತಿಳಿಯದೆ ತಾಯಿ ಮತ್ತೊಮ್ಮೆ ಕುಡಿಸುತ್ತಾಳೆ. ತೋಟದ ಕೆರೆಯ ಬಳಿ ಕಾಲು ಜಾರಿ ಹೇಗೋ ಬೇರು ಹಿಡಿದು ಮೇಲೆ ಬಂದ ಹುಡುಗ ಮನೆಯಲ್ಲಿ ಹೇಳಿದರೆ ಮೊದಲು ಸಿಗುವುದು ಪೆಟ್ಟು. ಮುಂದಿನ ಸಲ ಅವನು ಹೇಳುವುದಿಲ್ಲ. ಕೆರೆಗೆ ಬೇಲಿಯೂ ಬೀಳುವುದಿಲ್ಲ. ‘ಏನೂ ಆಗಲಿಲ್ಲವಲ್ಲ, ಅಲ್‌ಹಮ್ದುಲಿಲ್ಲಾಹ್’ ಎಂದು ನಾವು ಮಾತು ಮುಗಿಸುತ್ತೇವೆ. ಆ ಶುಕ್ರ್ ನಿಜವಾದದ್ದಾದರೆ ಉಳಿದ ಜೀವವನ್ನು ಕಾಯುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಇಂದು ರಾತ್ರಿ ಊಟದ ಹೊತ್ತಿಗೆ ಮಕ್ಕಳನ್ನು ಕೇಳಿ ನೋಡಿ: ಈ ತಿಂಗಳಲ್ಲಿ ಸ್ವಲ್ಪದರಲ್ಲಿ ತಪ್ಪಿದ್ದು ಏನಾದರೂ ಇದೆಯೇ? ಅವರು ಹೇಳುವಾಗ ಬೈಯಬೇಡಿ. ಕೇಳಿಸಿಕೊಳ್ಳಿ. ಮರುದಿನ ಬೆಳಿಗ್ಗೆ ಹೋಗಿ ಆ ಜಾಗವನ್ನು ಸರಿಮಾಡಿ.