ಆಟ ಬಿಡಿಸುವ ಮುನ್ನ

“ಸರ, ಈ ಸಲ ಇವಂದು ಹತ್ತನೇ ಕ್ಲಾಸ್ ಐತ್ರಿ. ಆಟ ಬಿಡಸ್ರಿ.”

ಜೂನ್ ತಿಂಗಳು ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ, ಎಲ್ಲಿಯ ಶಾಲೆಗೆ ಹೋದರೂ ಪಾಲಕರ ಮಾತು ಇದೇ. ಕೆಲವು ವರ್ಷಗಳ ಹಿಂದೆ ನಾನೂ ಒಬ್ಬ ಹುಡುಗನಿಗೆ ಆಟ ಬಿಡಿಸಿದೆ. ಮೈದಾನದಲ್ಲಿ ಕಳೆಯುತ್ತಿದ್ದ ಸಂಜೆಯನ್ನು ಅವನು ಬಸ್ ಸ್ಟ್ಯಾಂಡಿನಲ್ಲಿ ಕಳೆದ. ಅಂಕಗಳೇನೂ ಹೆಚ್ಚಲಿಲ್ಲ. ಅಂದಿನಿಂದ ಯಾರಾದರೂ ಈ ಮಾತು ಎತ್ತಿದರೆ ನಾನು ಡಾಕ್ಟರ್ ಟಾಲಿಮೆರೆನ್ ಆವೊ ಅವರ ಸಂಗತಿ ಹೇಳುತ್ತೇನೆ.

ಆವೊ ಹುಟ್ಟಿದ್ದು 1918ರಲ್ಲಿ, ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಮಗ ವೈದ್ಯನಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಆದರೆ 1935ರಲ್ಲಿ ಅವರು ವಿಷಮಶೀತ ಜ್ವರದಿಂದ ತೀರಿಕೊಂಡರು. ಮಗ ಆ ಮಾತನ್ನು ಮರೆಯಲಿಲ್ಲ. ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದಿ, 1942ರಲ್ಲಿ ಕಲಕತ್ತೆಯ ಕಾರ್ಮೈಕೆಲ್ ವೈದ್ಯಕೀಯ ಕಾಲೇಜು ಸೇರಿದರು. ಇಂದು ಅದು ಆರ್.ಜಿ. ಕರ್ ಕಾಲೇಜು. ಮರುವರ್ಷವೇ ಹೆಸರಾಂತ ಮೋಹನ್ ಬಾಗಾನ್ ಫುಟ್‌ಬಾಲ್ ತಂಡದಲ್ಲಿ ರಕ್ಷಣಾ ಆಟಗಾರರಾದರು. ಹಗಲು ಆಸ್ಪತ್ರೆಯ ವಾರ್ಡು, ಸಂಜೆ ಮೈದಾನ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಧ್ವಜ ಹಿಡಿದು ನಡೆದವರು ಇವರೇ, ಫುಟ್‌ಬಾಲ್ ತಂಡದ ನಾಯಕರೂ ಇವರೇ. ಜುಲೈ 31ರಂದು ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿದವು. ಭಾರತ 1–2ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ನಮ್ಮ ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು.

ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಆವೊ ಅವರನ್ನು ತನ್ನಲ್ಲಿ ಆಡಲು ಕರೆಯಿತೆಂದು ಹೇಳುತ್ತಾರೆ. ಅವರು ಒಪ್ಪಲಿಲ್ಲ. ಓದು ಇನ್ನೂ ಮುಗಿದಿರಲಿಲ್ಲ. 1950ರಲ್ಲಿ ಎಂ.ಬಿ.ಬಿ.ಎಸ್. ಪದವಿ ಪಡೆದರು. ಸೇರಿದ ದಿನದಿಂದ ಎಂಟು ವರ್ಷ ಹಿಡಿಯಿತೆಂಬುದನ್ನು ಮಕ್ಕಳಿಂದ ನಾನು ಮುಚ್ಚಿಡುವುದಿಲ್ಲ. ಆಟ, ಓದು ಎರಡನ್ನೂ ಹೊತ್ತು ನಡೆಯುವುದು ಹಗುರದ ಕೆಲಸವಲ್ಲ.

ಪದವಿ ಕೈಗೆ ಬಂದ ಮೇಲೆ ದೊಡ್ಡ ಊರು ಅವರನ್ನು ಹಿಡಿದಿಡಲಿಲ್ಲ. ಬೆಟ್ಟಕ್ಕೆ ಮರಳಿ, 1953ರಲ್ಲಿ ಕೊಹಿಮಾದಲ್ಲಿ ಸರ್ಕಾರಿ ವೈದ್ಯರಾದರು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾಯಿತು. ಅದರ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ ದುಡಿದು 1978ರಲ್ಲಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳೇ, ಒಂದು ಸಣ್ಣ ಲೆಕ್ಕ ಮಾಡಿ. ಮೈದಾನದಲ್ಲಿ ಅವರು ಮಿಂಚಿದ್ದು ಸುಮಾರು ಹತ್ತು ವರ್ಷ. ವೈದ್ಯರಾಗಿ ದುಡಿದದ್ದು 28 ವರ್ಷ. ಎಂಥ ಆಟಗಾರನಿಗೂ ಮೂವತ್ತೈದು ದಾಟಿದ ಮೇಲೆ ಕಾಲು ಮೊದಲಿನ ಹಾಗೆ ಓಡುವುದಿಲ್ಲ. ಆಮೇಲಿನ ಬದುಕಿಗೆ ಬೇಕಾದ ಬುತ್ತಿಯನ್ನು ಈಗಲೇ ಕಟ್ಟಿಕೊಳ್ಳಬೇಕು.

ಪಾಲಕರೇ, ನಿಮಗೂ ಒಂದು ಮಾತು. ಆವೊ ವೈದ್ಯರಾಗಲು ಆಟ ಅಡ್ಡಿಯಾಗಲಿಲ್ಲ. ನಿಮ್ಮ ಮಗ ಇರಲಿ, ಮಗಳಿರಲಿ, ಸಂಜೆಯ ಒಂದು ತಾಸು ಆಡಲಿ ಬಿಡಿ. ಕೈಕಾಲು ತೊಳೆದು ಬಂದ ಮೇಲೆ ಪುಸ್ತಕ ಹಿಡಿಯುತ್ತಾರೋ ಇಲ್ಲವೋ, ಅದನ್ನು ನೋಡಿಕೊಳ್ಳಿ. ನಾನು ಆಟ ಬಿಡಿಸಿದ ಹುಡುಗನ ಮನೆಯಲ್ಲಿ ನೋಡಿಕೊಳ್ಳಬೇಕಾಗಿದ್ದುದೂ ಅದನ್ನೇ.