ಗಾಂಜಾ ಬೆಳೆ: ಔಷಧವೋ, ಅಪರಾಧವೋ?

ಪಾಂಡೇಸರಾದ ಬಣ್ಣದ ಗಿರಣಿಗಳ ಸುತ್ತಮುತ್ತ ಗಾಂಜಾ ಎಂಬ ಶಬ್ದ ಕೇಳಿಬರುವುದು ಬಹುಮಟ್ಟಿಗೆ ಪೊಲೀಸು ಸುದ್ದಿಗಳಲ್ಲಿ. ಒಡಿಶಾದ ಕಡೆಯಿಂದ ರೈಲಿನಲ್ಲಿ ಬಂದ ಚೀಲ, ಅದನ್ನು ಹೊತ್ತ ಬಡಪಾಯಿ, ಜಪ್ತಿಯಾದ ತೂಕ. ಸೂರತ್ತಿನ ಪತ್ರಿಕೆಗಳ ವಾಚಕರಿಗೆ ಇದು ಹಳೆಯ ಕಥೆ. ಆದರೆ ಅದೇ ಗಿಡದ ಸತ್ತ್ವವು ಕ್ಯಾನ್ಸರ್ ರೋಗಿಯ ವಾಂತಿಗೋ ಮಗುವಿನ ಅಪಸ್ಮಾರಕ್ಕೋ ಒದಗೀತೇ ಎಂದು ಸಭ್ಯ ಗೃಹಸ್ಥರೂ ವೈದ್ಯರನ್ನು ಸಂಕೋಚವಿಲ್ಲದೆ ಕೇಳುವ ಕಾಲ ಬಂದಿದೆ. ಜನಾಭಿಪ್ರಾಯ ಬದಲಾಗುತ್ತಿದೆ, ಬೆಳೆದವನ ಪಾಡು ಮಾತ್ರ ಬದಲಾಗಿಲ್ಲ.

1985ರ ನವೆಂಬರ್ 14ರಂದು ಜಾರಿಗೆ ಬಂದ ಮಾದಕ ದ್ರವ್ಯಗಳ ಕಾಯಿದೆಯ 20ನೆಯ ಕಲಮಿನಂತೆ, ಗಾಂಜಾ ಗಿಡ ಬೆಳೆಸಿದವನಿಗೆ ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ಚಾಮರಾಜನಗರ ಜಿಲ್ಲೆಯ ಹನೂರಿನ ಕಡೆ ಮೆಕ್ಕೆಜೋಳದ ಸಾಲುಗಳ ನಡುವೆ ಅಕ್ಕಡಿ ಬೆಳೆಯಂತೆ ಗಿಡವಿಟ್ಟ ರೈತರು ಸಿಕ್ಕಿಬಿದ್ದ ವರದಿಗಳು ಮೇಲಿಂದ ಮೇಲೆ ಬರುತ್ತವೆ. ಇಂಥ ಪ್ರಕರಣಗಳಲ್ಲಿ ಗಿಡವನ್ನು ಬೇರುಸಹಿತ ಕಿತ್ತು ಹಸಿಯಾಗಿಯೇ ತಕ್ಕಡಿಗೆ ಹಾಕುವುದುಂಟು. ಕಾಯಿದೆಯ ಅರ್ಥದಲ್ಲಾದರೋ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿಯಿಂದ ಬೇರ್ಪಟ್ಟ ಎಲೆಯೂ ಬೀಜವೂ ಗಾಂಜಾ ಅಲ್ಲ. ತೂಕವು 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣವೆನಿಸಿ, ಸಜೆ ಹತ್ತರಿಂದ ಇಪ್ಪತ್ತು ವರ್ಷಕ್ಕೇರುತ್ತದೆ, ಜಾಮೀನು ದುರ್ಲಭವಾಗುತ್ತದೆ. ಹೀಗಿರುವಾಗ ಕಾಂಡ, ಬೇರು, ಬೇರಿನ ಮಣ್ಣು ಎಲ್ಲವನ್ನೂ ಸೇರಿಸಿ ತೂಗುವುದು ಎಲ್ಲಿಯ ನ್ಯಾಯ? ದಿನಸಿ ಅಂಗಡಿಯಲ್ಲಿ ಕೂಡ ಗೋಣಿಚೀಲದ ತೂಕವನ್ನು ಕಳೆದೇ ಲೆಕ್ಕ ಹಾಕುತ್ತಾರೆ. ಜಾಮೀನು ಅರ್ಜಿಗಳ ವಿಚಾರಣೆಯಲ್ಲಿ ಉಚ್ಚ ನ್ಯಾಯಾಲಯಗಳೇ ಈ ತೂಕವನ್ನು ಪ್ರಶ್ನಿಸಿವೆ.

ಇನ್ನೂ ವಿಚಿತ್ರವೆಂದರೆ, ಇದೇ ಕಾಯಿದೆಯ 8ನೆಯ ಕಲಮು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿ ಇತ್ತಿದೆ. ಗಾಂಜಾ ಬೇಸಾಯಕ್ಕೆ ಅನುಮತಿ ಕೊಡುವ ಅಧಿಕಾರವನ್ನು 10ನೆಯ ಕಲಮು ರಾಜ್ಯ ಸರ್ಕಾರಗಳಿಗೆ ಒಪ್ಪಿಸಿದೆ. ಗುಜರಾತಿನ ನೆರೆಯಲ್ಲೇ, ನೀಮಚ್, ಮಂದಸೌರ್, ಚಿತ್ತೋಡಗಢದ ರೈತರು ಗಾಂಜಾಕ್ಕಿಂತ ಎಷ್ಟೋ ಪಾಲು ಅಪಾಯಕಾರಿಯಾದ ಅಫೀಮನ್ನು ಸರ್ಕಾರದ ಪರವಾನಗಿ ಪಡೆದು ಬೆಳೆಯುತ್ತಾರೆ. ಹೊಲದ ಅಳತೆಯಾಗುತ್ತದೆ, ಇಳುವರಿಯ ತೂಕವಾಗುತ್ತದೆ, ಬೆಳೆಯೆಲ್ಲ ಸರ್ಕಾರಕ್ಕೇ ಸಲ್ಲುತ್ತದೆ. ಅದರಿಂದ ಬಂದ ಮಾರ್ಫಿನ್ ರೋಗಿಯ ನೋವನ್ನು ಶಮನಗೊಳಿಸುತ್ತದೆ. ಅಲ್ಲಿಯೂ ಕಳ್ಳಸಾಗಣೆ ಇಲ್ಲದಿಲ್ಲ. ಆದರೆ ಕಳುವಾದದ್ದು ತಿಳಿಯುವುದಾದರೂ ಲೆಕ್ಕವಿದ್ದಲ್ಲಿ ತಾನೆ? ಉತ್ತರಾಖಂಡವು 2018ರಲ್ಲಿ ನಾರು ಮತ್ತು ಬೀಜಕ್ಕಾಗಿ ಸೆಣಬಿನ ಜಾತಿಯ ಗಾಂಜಾಕ್ಕೆ ಪರವಾನಗಿ ಕೊಟ್ಟಿತು. ಔಷಧ ಮತ್ತು ಕೈಗಾರಿಕೆಗಾಗಿ ಬೆಳೆಯಲು ಶಿಫಾರಸು ಮಾಡಿದ ಸಮಿತಿಯ ವರದಿಯನ್ನು ಹಿಮಾಚಲದ ವಿಧಾನಸಭೆ 2024ರಲ್ಲಿ ಅಂಗೀಕರಿಸಿತು. ಹನೂರಿನ ಸಾಮಾನ್ಯ ರೈತನಿಗೆ ಅಂಥ ಮಾರ್ಗ ಇನ್ನೂ ತೆರೆದಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದಲ್ಲೇ ಇತ್ಯರ್ಥಕ್ಕೆ ಬಂದಿತು. ಓಕ್‌ಲ್ಯಾಂಡ್ ನಗರಾಡಳಿತದ ಒಪ್ಪಿಗೆಯಿಂದ ರೋಗಿಗಳಿಗಾಗಿ ಗಿಡ ಬೆಳೆಸಿದ ಎಡ್ ರೋಸೆಂತಾಲ್ ಎಂಬವರನ್ನು 2003ರಲ್ಲಿ ಜೂರಿಗಳು ಅಪರಾಧಿಯೆಂದರು. ಬೆಳೆಯ ಉದ್ದೇಶವನ್ನು ತಮ್ಮಿಂದ ಮರೆಮಾಡಲಾಗಿತ್ತೆಂದು ತಿಳಿದೊಡನೆ ಅವರಲ್ಲಿ ಹಲವರು ತಮ್ಮ ತೀರ್ಪಿಗೆ ತಾವೇ ಬಹಿರಂಗವಾಗಿ ಮರುಗಿದರು. ನ್ಯಾಯಾಧೀಶರು ವಿಧಿಸಿದ್ದು ಒಂದೇ ದಿನದ ಸಜೆ. ಗ್ಯಾಲಪ್ ಸಂಸ್ಥೆಯ ಮತಗಣನೆಯಂತೆ, ಗಾಂಜಾ ಕಾನೂನುಬದ್ಧವಾಗಲೆಂದವರು ಆ ದೇಶದಲ್ಲಿ 1969ರಲ್ಲಿ ಶೇಕಡಾ 12, 2023ರಲ್ಲಿ ಶೇಕಡಾ 70.

ಹಾಗೆಂದು ಗಾಂಜಾ ಸಂಜೀವಿನಿಯೇನೂ ಅಲ್ಲ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಡ್ರೊನಾಬಿನಾಲ್ ಎಂಬ ಕೃತಕ ಸತ್ತ್ವವನ್ನು ಅಮೆರಿಕ ಅಂಗೀಕರಿಸಿದ್ದು, ಕಾಕತಾಳೀಯವಾಗಿ, ಅದೇ 1985ರಲ್ಲಿ. ಮಕ್ಕಳ ಎರಡು ವಿರಳ ಅಪಸ್ಮಾರಗಳಿಗೆ ಕ್ಯಾನಬಿಡಯಾಲ್ ಔಷಧವನ್ನು 2018ರಲ್ಲಿ ಒಪ್ಪಲಾಯಿತು. ಕ್ಯಾನ್ಸರನ್ನೇ ಗುಣಪಡಿಸುವುದೆಂಬ ಮಾತಿಗೆ ಮಾತ್ರ ಆಧಾರವಿಲ್ಲ. ಎಳೆಯ ವಯಸ್ಸಿನಲ್ಲಿ ಸೇದುವವರಿಗೆ ಚಿತ್ತವಿಕಾರದ ಭಯ ಹೆಚ್ಚು. ವೈದ್ಯರ ಚೀಟಿಯಿಲ್ಲದೆ ಯಾರೋ ಮಾರುವ ಎಣ್ಣೆಯನ್ನು ರೋಗಿಗೆ ಕುಡಿಸುವುದು ಅವಿವೇಕ. ಅದರಲ್ಲಿ ಏನು, ಎಷ್ಟು ಇದೆಯೆಂದು ಹೇಳುವವರಿಲ್ಲ.

ಆಯುರ್ವೇದದ ಜಾತೀಫಲಾದಿ ಚೂರ್ಣದಲ್ಲಿ ವಿಜಯಾ ಎಂಬ ಹೆಸರಿನಿಂದ ಸೇರುವುದೂ ಇದೇ ಗಿಡದ ಎಲೆ. ಆ ಚೂರ್ಣಕ್ಕೆ ತಯಾರಿಕೆಯ ಪರವಾನಗಿಯೂ ಉಂಟು, ಬಿಲ್ಲೂ ಉಂಟು. ಬೆಳೆಗಾರನಿಗೂ ನೀಮಚದ ಮಾದರಿಯಲ್ಲಿ ಒಂದು ಪರವಾನಗಿ, ಅಳತೆಯಾದ ಒಂದು ಹೊಲ, ಕೊಳ್ಳುವ ಒಬ್ಬ ಅಧಿಕೃತ ಗಿರಾಕಿ ದೊರೆಯಬೇಕು. ಅದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ, 10ನೆಯ ಕಲಮಿನಡಿ ರಾಜ್ಯ ಸರ್ಕಾರ ನಿಯಮ ರಚಿಸಿದರೆ ಸಾಕು. ಅಲ್ಲಿಯವರೆಗೆ ಜಪ್ತಿಯಾದ ಗಿಡದ ತುದಿಯನ್ನಾದರೂ ಬೇರ್ಪಡಿಸಿ ತೂಗಲಿ.