ದುಡ್ಡು ದಹಿಸರ್‌ನದು, ಸಭೆಯೂ ದಹಿಸರ್‌ನಲ್ಲೇ ಆಗಲಿ

ದಹಿಸರ್‌ನಲ್ಲಿ 32,394.90 ಚದರ ಮೀಟರ್‌ನ ಒಂದು ಜಾಗವಿದೆ. ಊರ ಕಡೆಯ ಲೆಕ್ಕದಲ್ಲಿ ಎಂಟು ಎಕರೆ. ಮುಂಬಯಿಯ 1993ರ ಅಭಿವೃದ್ಧಿ ಯೋಜನೆ ಅದನ್ನು ಉದ್ಯಾನ, ಆಟದ ಮೈದಾನ ಮತ್ತು ಹೆರಿಗೆ ಆಸ್ಪತ್ರೆಗೆ ಮೀಸಲಿಟ್ಟಿತ್ತು. ಅದನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ಬೃಹನ್ಮುಂಬಯಿ ಮಹಾನಗರ ಪಾಲಿಕೆ ಠರಾವು ಮಾಡಿದ್ದು 2011ರ ಡಿಸೆಂಬರ್‌ನಲ್ಲಿ. ಕೊನೆಗೆ ನಿಗದಿಯಾದ ಬೆಲೆ 349.14 ಕೋಟಿ ರೂಪಾಯಿ. 2011ರ ಮೌಲ್ಯಕ್ಕಿಂತ ಇದು ಶೇ. 716ರಷ್ಟು ಹೆಚ್ಚು ಎಂದು ಮಹಾಲೇಖಪಾಲರ (ಸಿಎಜಿ) ವರದಿ ಹೇಳಿತು. ಇಷ್ಟು ಕೊಟ್ಟು ಪಡೆದ ಜಾಗದ ಮೇಲೆ ಒತ್ತುವರಿಯಿದೆ, ಅಲ್ಲಿರುವವರ ಪುನರ್ವಸತಿಗೆ ಇನ್ನೂ 77.80 ಕೋಟಿ ಬೇಕು ಎಂದೂ ಅದೇ ವರದಿ ಲೆಕ್ಕ ಕೊಟ್ಟಿತು.

ಭಾಗಿಸಿ ನೋಡಿದರೆ ಚದರ ಮೀಟರಿಗೆ ಒಂದು ಲಕ್ಷ ಏಳು ಸಾವಿರಕ್ಕೂ ಮಿಕ್ಕಿದ ಬೆಲೆ. ಒಬ್ಬ ಮನುಷ್ಯ ಕುರ್ಚಿ ಹಾಕಿಕೊಂಡು ಕೂರುವಷ್ಟು ನೆಲಕ್ಕೆ ಇಷ್ಟು ಹಣ. ದಹಿಸರ್‌ನ ರಾವಲ್‌ಪಾಡಾ, ಕೇತಕಿಪಾಡಾ, ಆನಂದನಗರಗಳಲ್ಲಿ ಆಸ್ತಿ ತೆರಿಗೆ ಕಟ್ಟುವವರ, ಬಾಡಿಗೆ ಮನೆಯಲ್ಲಿದ್ದುಕೊಂಡೇ ಮಾಲೀಕನ ಮೂಲಕ ಅದನ್ನು ತೆರುವವರ ಹಣ ಅದು. ಬಸುರಿಯೊಬ್ಬಳು ನಡೆದುಹೋಗುವಷ್ಟು ಹತ್ತಿರದಲ್ಲಿ ಹೆರಿಗೆ ಆಸ್ಪತ್ರೆ ಬರುತ್ತದೆಂದು ನಕ್ಷೆಯಲ್ಲಿ ಗುರುತು ಹಾಕಿದ ವರ್ಷ ಹುಟ್ಟಿದ ಮಗುವಿಗೆ ಈಗ ಮೂವತ್ತು ದಾಟಿದೆ.

ಈ ವಿವರ ಹೊರಬಂದದ್ದು 2023ರ ಮಾರ್ಚ್ 25ರಂದು, ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ವಿಧಾನಸಭೆಯಲ್ಲಿ ಸಿಎಜಿಯ ವಿಶೇಷ ವರದಿಯನ್ನು ಮಂಡಿಸಿದಾಗ. ಪಾಲಿಕೆಯ ಒಂಬತ್ತು ಇಲಾಖೆಗಳ ಸುಮಾರು 12,000 ಕೋಟಿ ರೂಪಾಯಿಗಳ ಖರ್ಚನ್ನು ಅದು ಪರಿಶೀಲಿಸಿತ್ತು. ಟೆಂಡರ್ ಕರೆಯದೆಯೇ ಕೊಟ್ಟ 20 ಕಾಮಗಾರಿಗಳು, 214.48 ಕೋಟಿ. ಗುತ್ತಿಗೆದಾರರ ಜತೆ ಕರಾರೇ ಆಗದೆ ನಡೆದ 64 ಕಾಮಗಾರಿಗಳು, 4,755.94 ಕೋಟಿ. ಚಿಕ್ಕದೊಂದು ಅಂಗಡಿ ಬಾಡಿಗೆಗೆ ಹಿಡಿದರೂ ಕರಾರುಪತ್ರ, ಸ್ಟಾಂಪು, ಸಾಕ್ಷಿ ಕೇಳುವ ಊರು ಇದು.

ವರದಿಯ ಗತಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಲೆಕ್ಕಪರಿಶೋಧನೆಯ ಅವಧಿ ಶುರುವಾದದ್ದು 2019ರ ನವೆಂಬರ್ 28ರಿಂದ, ಅಂದರೆ ಉದ್ಧವ್ ಠಾಕ್ರೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ದಿನದಿಂದಲೇ. ಒಂದು ಪಕ್ಷ ವರದಿಯನ್ನು ಆಯುಧ ಮಾಡಿಕೊಂಡಿತು, ಇನ್ನೊಂದು ಪಕ್ಷ ಅದನ್ನು ದ್ವೇಷದ ರಾಜಕಾರಣ ಎಂದಿತು. ದಹಿಸರ್‌ನ ಮೈದಾನದ ಮಾತು ಆ ಗದ್ದಲದಲ್ಲಿ ಮುಳುಗಿಹೋಯಿತು. ಯಾವ ಪಕ್ಷದವರು ತಪ್ಪಿತಸ್ಥರೆಂದು ಹೇಳುವುದು ತನಿಖಾ ಸಂಸ್ಥೆ ಮತ್ತು ನ್ಯಾಯಾಲಯದ ಕೆಲಸ. ನನ್ನ ತಕರಾರು ವ್ಯವಸ್ಥೆಯ ಮೇಲೆ: ಈ ಊರಿನ ಹೆಸರಲ್ಲಿ ಇಷ್ಟು ದೊಡ್ಡ ವ್ಯವಹಾರ ನಡೆಯುವಾಗ ಊರಿನವರನ್ನು ಕೂರಿಸಿಕೊಂಡು ಕೇಳಬೇಕೆಂಬ ಕಟ್ಟುಪಾಡು ಎಲ್ಲಿಯೂ ಜಾರಿಯಲ್ಲಿರಲಿಲ್ಲ. ಈಗಲೂ ಇಲ್ಲ.

ಪಾಲಿಕೆಯ ಪರ ವಹಿಸುವವರಲ್ಲಿ ಉತ್ತರವೊಂದು ಸಿದ್ಧವಾಗಿರುತ್ತದೆ. ಬೆಲೆ ನಿಗದಿ ಮಾಡುವುದು ಪಾಲಿಕೆಯಲ್ಲ, ಕಾನೂನಿನ ಪ್ರಕಾರ ಭೂಸ್ವಾಧೀನ ಅಧಿಕಾರಿ. 2013ರ ಕಾಯ್ದೆ ಬಂದ ಮೇಲೆ ಪರಿಹಾರದ ಮೊತ್ತ ದೇಶದಾದ್ಯಂತ ಏರಿದೆ. ಮಾತು ನಿಜ. ಹಾಗಿದ್ದ ಮೇಲೆ ತಡವಾದಷ್ಟೂ ಬೆಲೆ ಏರುತ್ತದೆಂದು ಮೊದಲು ತಿಳಿಯಬೇಕಾದವರು ಯಾರು? ಮೀಸಲು ಜಾಗವನ್ನು ಹತ್ತು ವರ್ಷದೊಳಗೆ ಪಡೆಯದಿದ್ದರೆ ಮಾಲೀಕರು ಖರೀದಿ ನೋಟಿಸ್ ಕೊಡಬಹುದು, ಗಡುವಿನೊಳಗೆ ಪಾಲಿಕೆ ಕ್ರಮ ಕೈಗೊಳ್ಳದಿದ್ದರೆ ಮೀಸಲೇ ರದ್ದಾಗುತ್ತದೆ ಎಂದು ಮಹಾರಾಷ್ಟ್ರದ ನಗರ ಯೋಜನಾ ಕಾಯ್ದೆ 1966ರಿಂದಲೂ ಹೇಳುತ್ತಿದೆ. ಇಂಥ ಗಡಿಯಾರ ತಲೆಯ ಮೇಲೆ ಓಡುತ್ತಿರುವಾಗ ಕಡತ ಯಾರ ಮೇಜಿನ ಮೇಲೆ ಎಷ್ಟು ತಿಂಗಳು ಕೂತಿತ್ತು ಎನ್ನುವುದೇ ಕೋಟಿಗಳ ಪ್ರಶ್ನೆ. ಒತ್ತುವರಿ ಇದೆಯೋ ಇಲ್ಲವೋ ಎಂದು ತಿಳಿಯಲು ಯಾವ ತಜ್ಞರೂ ಬೇಕಿರಲಿಲ್ಲ. ಅಕ್ಕಪಕ್ಕದ ಚಾಳಿನವರನ್ನು ಒಂದು ಸಂಜೆ ಸಭೆಗೆ ಕರೆದಿದ್ದರೆ ಸಾಕಿತ್ತು, ಮನೆ ಮನೆಯ ಲೆಕ್ಕ ಅವರೇ ಕೊಡುತ್ತಿದ್ದರು.

2022ರ ಮಾರ್ಚ್ 7ಕ್ಕೆ ಪಾಲಿಕೆಯ ಚುನಾಯಿತ ನಗರಸೇವಕರ ಅವಧಿ ಮುಗಿಯಿತು. ಚುನಾವಣೆ ನಡೆಯದ್ದರಿಂದ ಮರುದಿನದಿಂದ ಆಯುಕ್ತರೇ ಆಡಳಿತಾಧಿಕಾರಿ. ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಮೊದಲು ಆಯುಕ್ತರು ಗುತ್ತಿಗೆಯ ಪ್ರಸ್ತಾವ ಕಳಿಸುತ್ತಿದ್ದರು. 27 ಸದಸ್ಯರ ಸ್ಥಾಯಿ ಸಮಿತಿ ಅದನ್ನು ಒಪ್ಪುತ್ತಿತ್ತು ಅಥವಾ ತಡೆಹಿಡಿಯುತ್ತಿತ್ತು. ಆಡಳಿತಾಧಿಕಾರಿಯ ಕಾಲದಲ್ಲಿ ಪ್ರಸ್ತಾವ ಬರೆಯುವ ಕೈಯೂ ಮಂಜೂರು ಮಾಡುವ ಕೈಯೂ ಒಂದೇ ಆಯಿತು. ಸುಮಾರು 400 ಕಿಲೋಮೀಟರ್ ರಸ್ತೆಗಳನ್ನು ಕಾಂಕ್ರೀಟ್ ಮಾಡುವ 6,000 ಕೋಟಿಗೂ ಮೀರಿದ ಗುತ್ತಿಗೆಗಳು 2023ರ ಆರಂಭದಲ್ಲಿ ಇದೇ ದಾರಿಯಲ್ಲಿ ಹೊರಟವು. ದಕ್ಷಿಣ ಮುಂಬಯಿಯ ಗುತ್ತಿಗೆಯನ್ನು ಅದೇ ವರ್ಷದ ನವೆಂಬರ್‌ನಲ್ಲಿ ಪಾಲಿಕೆಯೇ ರದ್ದು ಮಾಡಬೇಕಾಗಿ ಬಂತು. ಬೀದಿ ಬದಿಯ ಬೆಂಚು, ಕಸದ ಡಬ್ಬಿ ಮುಂತಾದವುಗಳ 263 ಕೋಟಿಯ ಖರೀದಿಯಂತೂ ಆಡಳಿತ ಪಕ್ಷದ ಶಾಸಕರೂ ವಿರೋಧ ಪಕ್ಷದವರೂ ಒಟ್ಟಿಗೇ ಆಕ್ಷೇಪಿಸಿದ ಮೇಲೆ ರದ್ದಾಯಿತು. ಪ್ರಶ್ನೆ ಕೇಳುವ ಸಭೆ ಮೊದಲೇ ಇದ್ದಿದ್ದರೆ ಇವೆಲ್ಲ ರದ್ದತಿಯ ಹಂತಕ್ಕೆ ಬರುವ ಮುನ್ನವೇ ಸರಿಹೋಗುತ್ತಿದ್ದವು.

ಆದರೂ ಚುನಾಯಿತ ಸಭೆ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಆ ಎಂಟು ಎಕರೆಯ ಠರಾವು ಆದಾಗ ನಗರಸೇವಕರು ಇದ್ದರು. ಕೊರೋನಾ ಬಂದಾಗಲೂ ಇದ್ದರು. 2020ರ ಮಾರ್ಚ್‌ನಲ್ಲಿ ಸ್ಥಾಯಿ ಸಮಿತಿಯೇ ಟೆಂಡರ್ ಇಲ್ಲದೆ ಖರೀದಿಸುವ ಅಧಿಕಾರವನ್ನು ಆಡಳಿತಕ್ಕೆ ಬಿಟ್ಟುಕೊಟ್ಟಿತು. ಸಾವು ಬಾಗಿಲಲ್ಲಿ ನಿಂತಿದ್ದ ದಿನಗಳು ಅವು. ಅಧಿಕಾರ ಕೊಟ್ಟದ್ದನ್ನು ತಪ್ಪೆನ್ನಲಾರೆ. ಲೆಕ್ಕ ಕೇಳುವ ಹೊತ್ತು ಬಂದಾಗ ಪಾಲಿಕೆ ಏನು ಮಾಡಿತು? 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೂ ವಿಪತ್ತು ನಿರ್ವಹಣಾ ಕಾಯ್ದೆಯನ್ನೂ ಮುಂದೆ ಹಿಡಿದು 3,538.73 ಕೋಟಿಯ ಕೋವಿಡ್ ಖರ್ಚನ್ನು ಸಿಎಜಿಗೆ ತೋರಿಸಲೇ ಇಲ್ಲ. ದಹಿಸರ್‌ನ ಜಂಬೋ ಕೋವಿಡ್ ಕೇಂದ್ರಕ್ಕೆ ಸಿಬ್ಬಂದಿ ಒದಗಿಸಿದ ಗುತ್ತಿಗೆ ಈಗ ಕ್ರಿಮಿನಲ್ ಮೊಕದ್ದಮೆಯಾಗಿದೆ. ಇರದ ಸಿಬ್ಬಂದಿಯನ್ನು ತೋರಿಸಿ ಬಿಲ್ ಮಾಡಿದರೆಂಬುದು ಜಾರಿ ನಿರ್ದೇಶನಾಲಯದ ಆರೋಪ. ತೀರ್ಪು ಏನೇ ಬರಲಿ, ಆ ಕೇಂದ್ರದಲ್ಲಿ ತಮ್ಮವರನ್ನು ಮಲಗಿಸಿ ಹೊರಗೆ ಕಾದು ನಿಂತವರಿಗೆ ಪಾಳಿಯಲ್ಲಿ ಎಷ್ಟು ಡಾಕ್ಟರರಿರಬೇಕಿತ್ತು ಎಂದು ತಿಳಿಯುವ ಹಕ್ಕು ಆಗಲೇ ಇರಬೇಕಿತ್ತು.

ಕರ್ನಾಟಕದ ಅನುಭವ ಇಲ್ಲಿ ಪಾಠವಾಗುತ್ತದೆ. ಅಲ್ಲಿ ಸಾರ್ವಜನಿಕ ಖರೀದಿಗಳ ಪಾರದರ್ಶಕತೆಗೆಂದೇ 1999ರ ಕಾಯ್ದೆಯಿದೆ. ಮಹಾರಾಷ್ಟ್ರ ಇನ್ನೂ ಸರ್ಕಾರಿ ಆದೇಶಗಳ ಮೇಲೆಯೇ ಕೆಲಸ ನಡೆಸುತ್ತಿದೆ. ಆದರೆ ಅದೇ ಕಾಯ್ದೆಯ ಕಲಂ 4(ಜಿ) ವಿನಾಯಿತಿ ಎಂಬ ಕಿಂಡಿಯಿಂದ ಟೆಂಡರ್ ಇಲ್ಲದ ಗುತ್ತಿಗೆಗಳು ಎಷ್ಟು ಸಲ ನುಸುಳಿವೆ ಎಂಬುದನ್ನು ಕನ್ನಡ ಪತ್ರಿಕೆ ಓದುವವರಿಗೆ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಅವಧಿ ಮುಗಿದ ಮೇಲೆ ಅದಕ್ಕೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯಿತು. ಎರಡೂ ಊರುಗಳಲ್ಲಿ ವರ್ಷಗಟ್ಟಲೆ ಅಧಿಕಾರಿಗಳೇ ಬಜೆಟ್ ಬರೆದು ಅಧಿಕಾರಿಗಳೇ ಪಾಸು ಮಾಡಿದರು. ಮುಂಬಯಿಯ 2025–26ರ ಬಜೆಟ್ 74,427 ಕೋಟಿ. ಆ ಹಣದ ಬಗ್ಗೆ ಸಭಾಗೃಹದಲ್ಲಿ ಎದ್ದುನಿಂತು ಮಾತಾಡಲು ಒಬ್ಬ ನಗರಸೇವಕನೂ ಇರಲಿಲ್ಲ.

2026ರ ಜನವರಿ 15ರಂದು ಮುಂಬಯಿ ಮತ ಹಾಕಿತು. ಈಗ 227 ಮಂದಿ ಇದ್ದಾರೆ. ಅವರಿಗೆ ಕಾನೂನು ಹೊಸದಾಗಿ ಬೇಕಿಲ್ಲ: ಮತದಾರರೇ ಕೂರುವ ಕ್ಷೇತ್ರ ಸಭೆಗಳಿಗೆ ಮಹಾರಾಷ್ಟ್ರ 2009ರಲ್ಲೇ ತಿದ್ದುಪಡಿ ತಂದು, ಅದನ್ನು ಪುಸ್ತಕದಲ್ಲೇ ಬಿಟ್ಟಿದೆ. ಅದನ್ನು ಮೊದಲು ಜಾರಿಗೆ ತರಲಿ. ಒಂದು ವಾರ್ಡಿನಲ್ಲಿ ಜಾಗ ಕೊಳ್ಳುವ, ದೊಡ್ಡ ಗುತ್ತಿಗೆ ಕೊಡುವ ಪ್ರಸ್ತಾವ ಸಮಿತಿಯ ಮುಂದೆ ಹೋಗುವ ಮುನ್ನ ಆ ವಾರ್ಡಿನಲ್ಲೇ ಸಭೆಯಾಗಲಿ. ಅಂದಾಜು ಮೊತ್ತ, ಬಿಡ್ ಹಾಕಿದವರು, ಜಾಗದ ಮೇಲಿನ ಮನೆಗಳು, ತಡವಾದರೆ ಏರುವ ಬೆಲೆ, ಎಲ್ಲವನ್ನೂ ಅಲ್ಲಿ ಓದಿ ಹೇಳಲಿ; ಜನ ಕೇಳಿದ್ದೂ ಅಧಿಕಾರಿ ಉತ್ತರಿಸಿದ್ದೂ ನಡಾವಳಿಯಲ್ಲಿ ದಾಖಲಾಗಿ ಪ್ರಸ್ತಾವದ ಜತೆಗೇ ಹೋಗಲಿ. ತುರ್ತಿನಲ್ಲಿ ಟೆಂಡರ್ ಬಿಟ್ಟು ಕೊಂಡದ್ದನ್ನು ಮುಂದಿನ ತಿಂಗಳ ಸಭೆಯಲ್ಲಿ ಬಿಲ್ ಸಮೇತ ಇಡಲಿ.

ವರ್ಸೋವಾದಿಂದ ದಹಿಸರ್‌ಗೆ, ಅಲ್ಲಿಂದ ಭಾಯಂದರ್‌ಗೆ ಹೋಗುವ ರಸ್ತೆಯ ಸಾವಿರಾರು ಕೋಟಿಯ ಕಾಮಗಾರಿ ಇದೇ ಊರಿನ ಮೇಲೆ ಹಾಯಲಿದೆ. ಅದಕ್ಕೂ ಮುಂಚೆ ದಹಿಸರ್ ಸೇರುವ ಆರ್-ಉತ್ತರ ವಾರ್ಡಿನ ನಗರಸೇವಕರು ಒಂದು ಸಭೆ ಕರೆಯಲಿ. ಕಾರ್ಯಸೂಚಿಯಲ್ಲಿ ಒಂದೇ ವಿಷಯ ಸಾಕು: 349 ಕೋಟಿಯ ಆ ಎಂಟು ಎಕರೆ ಇವತ್ತು ಯಾರ ಸ್ವಾಧೀನದಲ್ಲಿದೆ, ಅಲ್ಲಿರುವ ಕುಟುಂಬಗಳು ಎಷ್ಟು, ಹೆರಿಗೆ ಆಸ್ಪತ್ರೆಯ ಅಡಿಪಾಯ ಯಾವ ವರ್ಷ.